ಕೊಂಡಿ ಅಳಿಸಿದ ಮಳೆಗಾಲ

ಮೊನ್ನೆ ಗುಳೇದಗುಡ್ಡಕ್ಕೆ ಹೋಗಿದ್ದೆ. ಕುಪ್ಪಸದ ಖಣ ನೇಯುವ ಒಂದು ಮನೆಯವರು ತಮಗೂ ಒಂದು ವೆಬ್‌ಸೈಟ್ ಮಾಡಿಕೊಡಿ ಎಂದು ಕರೆದಿದ್ದರು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೂಲಿನ ಹಾಸು ಬಿಗಿದು, ಇಬ್ಬರು ಅದಕ್ಕೆ ಗಂಜಿ ಸವರುತ್ತಿದ್ದರು. ಆ ಹುಳಿ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲುಗಳು ಅಲ್ಲೇ ನಿಂತವು.

"ಯಾಕ್ರಿ ಸರ, ವಾಸನಿ ತಡಿಯಾಕಾಗವಲ್ತೇನ್ರಿ?" ಅಂದ ಮನೆಯ ಯಜಮಾನ.

"ಇಲ್ರಿ, ನಮ್ಮ ಮನಿ ವಾಸನಿ ಇಲ್ಲಿಗಿ ಹೆಂಗ ಬಂತು ಅಂತ ನೋಡಾಕತ್ತೇನಿ," ಅಂದೆ. ನನ್ನನ್ನು ಯಾರಾದರೂ ಸರ ಅಂದರೆ ನಾನು ಇವತ್ತಿಗೂ ಹಿಂದೆ ತಿರುಗಿ ನೋಡುತ್ತೇನೆ, ಯಾರು ಬಂದರು ಎಂದು.

ಐದು ವರ್ಷದ ಹಿಂದೆ ಇಳಕಲ್ಲಿನಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಟೇಪ್ ಎಂದು. ಶಿವಾನಂದ ಎಂಬುದು ಶಾಲೆಯ ದಾಖಲೆಯಲ್ಲಷ್ಟೇ ಇತ್ತು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಟೇಪ್ ರೆಕಾರ್ಡರಿನ ಹಾಗೆ ತಿರುಗಿಸಿ ಹಾಕುತ್ತಿದ್ದೆ. ಹುನಗುಂದ ಬಸ್ಸಿನ ಕಂಡಕ್ಟರ, ಕಾಲೇಜಿನ ಪ್ರಾಚಾರ್ಯರು, ದವಾಖಾನೆಯ ಕಂಪೌಂಡರ, ಮಳೆಯಲ್ಲಿ ತೊಯ್ದ ನಮ್ಮ ಓಣಿಯ ನಾಯಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿಯೊಂದು ಇತ್ತೋ ಏನೋ, ಅದು ಬಿ.ಎ. ಕೊನೆಯ ವರ್ಷದ ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿ ಬಾಯಿ ಮುಚ್ಚಿಕೊಂಡಿತ್ತು.

ಮನೆಯಲ್ಲಿ ನಾವು ಮೂವರು. ಅಣ್ಣ ಸಂಗಪ್ಪ, ಅವನ ಹೆಂಡತಿ, ಅಂದರೆ ನನ್ನ ವೈನಿ, ಗೌರವ್ವ, ಮತ್ತು ಈ ಟೇಪ್. ಪಡಸಾಲೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ವೈನಿ ಸೀರೆ ನೇಯುತ್ತಿದ್ದರು. ಇಳಕಲ್ಲ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಮಗ್ಗದ ಮೇಲೆಯೇ ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಆ ಕೂಡಿಕೆಗೆ ಕೊಂಡಿ ಎನ್ನುತ್ತೇವೆ. ಸೀರೆ ನೇಯ್ದು ಮುಗಿದ ಮೇಲೆ ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಅದು ಸಣ್ಣ ಗೀಟಿನ ಹಾಗೆ ಕಾಣುತ್ತದೆ. ಕೊಂಡಿ ಹಾಕುವುದು ಅಣ್ಣನ ಕೆಲಸ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಮುಂಜಾನೆಯ ಬೆಳಕಿಗೆ ಕೂತನೆಂದರೆ ಮಧ್ಯಾಹ್ನದವರೆಗೆ ಮಾತಿಲ್ಲ. ವೈನಿ ಎಳೆ ಆರಿಸಿ ಕೊಡುವುದು, ನಾನು ಇನ್ನೊಂದು ತುದಿ ಹಿಡಿದು ಕೂರುವುದು. ಸೀರೆ ಪೇಟೆಯ ಅಂಗಡಿಗೆ ಹೋದರೆ ಅಂಗಡಿಯ ಮುದ್ರೆ ಬೀಳುತ್ತಿತ್ತು. ಕಾಗೆಬಣ್ಣದ ಒಡಲಿಗೆ ದಾಳಿಂಬೆ ಬಣ್ಣದ ಸೆರಗು ಕೂಡಿಸಬೇಕೆಂದು ಎಂಟು ದಿನ ಯೋಚಿಸಿದವರು ಯಾರು ಎಂದು ಉಟ್ಟವರಿಗೆ ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಕಾರಹುಣ್ಣಿಮೆ ಮುಗಿದ ಮಾರನೆಯ ದಿನ ಅಣ್ಣ ಊಟಕ್ಕೆ ಕೂತವನು ಅಂದ, "ಮಾರ್ನಮಿಗೆ ಮಿಷನ್ ಮಗ್ಗ ತರಸ್ತೇನಿ. ಆಯುಧಪೂಜಿ ಅದಕ್ಕ ಮಾಡೂದು. ಕುಣಿ ಮುಚ್ಚಿ ಮ್ಯಾಲೆ ಫರಸಿ ಕಲ್ಲು ಹಾಕಿದ್ರ ಮುಗೀತು."

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕುಣಿ ಮುಚ್ಚಿದ್ರ ನಾ ಎಲ್ಲಿ ಕುಂದ್ರಲ್ರಿ?"

"ಕುರ್ಚಿ ಮ್ಯಾಲೆ ಕುಂದ್ರು. ಗುಂಡಿ ಒತ್ತಿದ್ರ ಅದ ನೇಯ್ತೈತಿ. ನಿನ್ನ ಮೊಣಕಾಲರ ಉಳೀತಾವು."

"ಗುಂಡಿ ಒತ್ತಾಕ ನಾ ಯಾಕ ಬೇಕು? ನಿಮ್ಮ ತಮ್ಮ ಅದಾನಲ್ಲ, ಅವಗೂ ಕೆಲಸ ಇಲ್ಲ."

ರೊಟ್ಟಿ ಬಡಿಯುವ ಸದ್ದು ಆಮೇಲೆ ಸ್ವಲ್ಪ ಜೋರಾಯಿತು. ವೈನಿಯ ಸಿಟ್ಟು ಯಾವಾಗಲೂ ಹಿಟ್ಟಿನ ಮೇಲೆ. ನಾನು ಪ್ರಾಚಾರ್ಯರ ದನಿ ತೆಗೆದು, "ಪ್ರಿಯ ವಿದ್ಯಾರ್ಥಿಗಳೇ, ಇಂದು ಜಗತ್ತೇ ಒಂದು ಪುಟ್ಟ ಹಳ್ಳಿಯಾಗಿದೆ," ಎಂದು ಶುರುಮಾಡಿ, ಗೆಳೆಯ ರಫೀಕನ ಸೈಬರ್‌ನಲ್ಲಿ ಒಂದು ವೆಬ್‌ಸೈಟ್ ಮಾಡುತ್ತೇನೆ, ವೈನಿಯ ಸೀರೆಗೆ ದೇಶದ ಮೂಲೆಮೂಲೆಯಿಂದ ಗಿರಾಕಿ ತರುತ್ತೇನೆ ಎಂದೆ. ನಗಿಸಲು ಅಂದದ್ದು. ಆದರೆ ವೈನಿ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಅವರು ನನ್ನ ಮಾತನ್ನು ಹಾಗೆ ಖರೆ ಎಂದು ನೋಡಿದ್ದು ಅದೇ ಮೊದಲು. ಸಿಕ್ಕಿಬಿದ್ದೆ.

ಅಣ್ಣ ಕೈ ತೊಳೆಯುತ್ತ ಹೇಳಿದ, "ಆತು. ಮಾರ್ನಮಿ ಒಳಗ, ಗುರುತಿಲ್ಲ ಪರಿಚಯ ಇಲ್ಲ ಅಂಥವರು ಒಬ್ಬರು, ನಿನ್ನ ಕಂಪ್ಯೂಟರ ನೋಡಿ, ನಿಮ್ಮ ವೈನಿ ನೇದದ್ದ ಬೇಕು ಅಂತ ಕೇಳ್ಲಿ. ಒಬ್ಬರ ಸಾಕು, ಕುಣಿ ಮುಚ್ಚಾಂಗಿಲ್ಲ. ಯಾರೂ ಕೇಳ್ಲಿಲ್ಲಂದ್ರ ಕುಣಿಗಿ ಮಣ್ಣು ಹೊರಾವ ನೀನ."

ರಫೀಕ ನನ್ನ ಜೊತೆ ಓದಿದವನು. ಬಸ್ ಸ್ಟ್ಯಾಂಡಿನ ಎದುರು ಎರಡು ಕಂಪ್ಯೂಟರಿನ ಸೈಬರ್ ಇಟ್ಟಿದ್ದ. ಒಂದು ಕೆಲಸ ಮಾಡುತ್ತಿತ್ತು, ಇನ್ನೊಂದು ಅದಕ್ಕೆ ಧೈರ್ಯ ಕೊಡಲು ಪಕ್ಕದಲ್ಲಿ ಇರುತ್ತಿತ್ತು. ಆ ವರ್ಷ ಗುಡುಗು ಗುಡುಗಿದರೆ ಫೋನಿನ ಲೈನು ಹೋಗುತ್ತಿತ್ತು, ಲೈನು ಬಂದರೆ ಕರೆಂಟು ಹೋಗುತ್ತಿತ್ತು, ಎರಡೂ ಇದ್ದಾಗ ರಫೀಕ ನಮಾಜಿಗೆ ಹೋಗಿರುತ್ತಿದ್ದ. ಹಟ ಹಿಡಿದು ದಿನಾ ಹೋದೆ. ಪುಕ್ಕಟೆ ಜಾಗ ಕೊಡುವ ಒಂದು ಕಂಪನಿಯಲ್ಲಿ ನಮ್ಮ ಸೈಟಿಗೆ ನೆಲೆ ಹುಡುಕಿದೆವು. ಅವರು ಪುಟದ ನೆತ್ತಿಯ ಮೇಲೆ ಬೊಕ್ಕತಲೆಯ ಔಷಧದ ಜಾಹೀರಾತು ಹಾಕುತ್ತಿದ್ದರು. ಅದರ ಕೆಳಗಿನದು ನಮ್ಮದು.

ದೊಡ್ಡ ದೊಡ್ಡ ಪೇಟೆಯವರ ಸೈಟುಗಳನ್ನು ತೆರೆದು ನೋಡಿದೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಎಲ್ಲರ ಹಾಗೆ ಮಾಡುವುದು. ಹಾಗೆಯೇ ಮಾಡಿದೆ. ತೆರೆದ ಕೂಡಲೇ ಕೊಳಲು ನುಡಿಯುವುದು. ಬಲಗಡೆಯಿಂದ ಎಡಗಡೆಗೆ ಓಡುವ ಕೆಂಪಕ್ಷರದ ಸ್ವಾಗತ. ಎರಡೂ ಬದಿಗೆ ಉರಿಯುವ ದೀಪ. 'ಶತಮಾನಗಳ ಭವ್ಯ ಪರಂಪರೆಯ ದಿವ್ಯ ಸೊಬಗು' ಎಂಬುದರ ಇಂಗ್ಲಿಷ್. ಪೇಪರಿನಲ್ಲಿ ಎರಡು ಸಲ ಫೇಲಾದ ಇಂಗ್ಲಿಷೇ ಅದು. ಹಿಂದೆ ಬಾದಾಮಿಯ ಮೇಣಬಸದಿ ಗುಹೆಯ ಚಿತ್ರ, ಅದರ ಮುಂದೆ ಸೀರೆ. ಸ್ಟುಡಿಯೋದಲ್ಲಿ ತೊಳೆಸಿದ ಫೋಟೋಗಳನ್ನು ಸ್ಕ್ಯಾನ್ ಮಾಡುವಾಗ ರಫೀಕ ಕಣ್ಣು ಕಿರಿದು ಮಾಡಿ ಕೇಳಿದ, "ಲೇ ಟೇಪ್, ಎಲ್ಲಾ ಸೀರಿಗೂ ಸೆರಗಿನ ಹತ್ರ ಒಂದೊಂದು ಗೀಟು ಬಂದೈತಲ್ಲೋ. ಹರದದ್ದು ಹೊಲದಂಗ ಕಾಣ್ತೈತಿ. ತಗದುಬಿಡ್ಲೇನು?"

"ತಗಿ ತಗಿ," ಅಂದೆ. ಆ ಗೀಟು ಏನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದರ ತುದಿ ಹಿಡಿದು ಕೂತವನೇ ನಾನು. ಆದರೆ ಆ ತೆರೆಯ ಮುಂದೆ ಕೂತಾಗ ನನಗೆ ಪೇಟೆಯವರ ಕಣ್ಣು ಬಂದಿತ್ತು, ದನಿಯೊಂದೇ ಸಾಲದೆಂದು. ರಫೀಕ ಮೌಸಿನಿಂದ ತಿಕ್ಕಿ ತಿಕ್ಕಿ ಹನ್ನೊಂದು ಸೀರೆಗಳ ಕೊಂಡಿ ಅಳಿಸಿದ. ಒಳ್ಳೆ ಕೆಲಸಗಾರ. ಒಂದು ಎಳೆಯೂ ಉಳಿಯಲಿಲ್ಲ.

ಮೃಗಶಿರಾ ಹೋಯಿತು, ಆರಿದ್ರಾ ಹೋಯಿತು, ಪಂಚಮಿಯ ಉಂಡಿಯೂ ತಿಂದಾಯಿತು. ಸೈಟಿಗೆ ಬಂದದ್ದು ಎರಡೇ ಪತ್ರ. ಒಂದರಲ್ಲಿ ಯಾವುದೋ ದೇಶದ ರಾಜಕುಮಾರ ತನ್ನ ಸಂಪತ್ತನ್ನೆಲ್ಲ ನನಗೆ ಕೊಡುವುದಾಗಿ ಬರೆದಿದ್ದ, ಸೀರೆಯ ಸುದ್ದಿ ಎತ್ತಿರಲಿಲ್ಲ. ಇನ್ನೊಂದು ರಫೀಕನೇ ಬರುತ್ತದೋ ಇಲ್ಲವೋ ನೋಡಲು ಕಳಿಸಿದ್ದು. ಸಂಜೆ ಮನೆಗೆ ಬಂದರೆ ವೈನಿ ಕುಣಿಯಿಂದಲೇ ಕೇಳುತ್ತಿದ್ದರು, "ಯಾರರ ಕೇಳಿದ್ರೇನೋ?" ಮಳೆಗಾಲದಲ್ಲಿ ಕುಣಿಯ ನೆಲ ತಂಪು ಹಿಡಿಯುತ್ತದೆ. ಗೋಣಿಚೀಲ ಹಾಸಿಕೊಂಡು, ಕಾಲಿಗೆ ಹಳೆಯ ಶಾಲು ಸುತ್ತಿಕೊಂಡು ಕೂತಿರುತ್ತಿದ್ದರು. "ನಾಳಿ ಬರ್ತೈತ್ರಿ ವೈನಿ," ಅನ್ನುತ್ತಿದ್ದೆ. ಅವರೂ ನಂಬಿದವರ ಹಾಗೆ ಲಾಳಿ ಒಗೆಯುತ್ತಿದ್ದರು.

ಗಣಪತಿ ಹಬ್ಬದ ಹೊತ್ತಿಗೆ ನನಗೆ ತಡೆಯದಾಯಿತು. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನು ಹಚ್ಚಿದೆ. ಮುಂಬಯಿಯ ಸೇಠನ ದನಿ ತೆಗೆದು, ಮುರಿದ ಕನ್ನಡದಲ್ಲಿ, "ಗೌರವ್ವಾ ಅವರ ಸಾಡಿ ಇಂಟರ್ನೆಟ್ ಮೇಲೆ ನೋಡಿದೆ, ಬಹುತ್ ಸುಂದರ್, ಹತ್ತು ಪೀಸ್ ಬೇಕಾ," ಅಂದೆ. ಅಣ್ಣ ಬಹಳ ಮರ್ಯಾದೆಯಿಂದ ಮಾತಾಡಿದ. ಊಟ ಆಯಿತೇ ಎಂದೂ ಕೇಳಿದ. ನಾನು ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದರೆ ಹೊಸ್ತಿಲಲ್ಲೇ ಕೂತಿದ್ದ.

"ಸೇಠ್‌ಜಿ ಬಂದ್ರಿ? ಬರ್ರಿ. ನೀವು ಮಾತಾಡುವಾಗ ಹಿಂದ ಒಬ್ಬಾವ 'ಗುಡೂರ ಬಸ್ಸಿಗಿ ಹೋಗಾವ್ರು ಲಗೂನ ಬರ್ರಿ' ಅಂತ ಒದರಾಕತ್ತಿದ್ದ. ಮುಂಬಯಿಂದ ಗುಡೂರಿಗಿ ಯಾವಾಗಿಂದ ಬಸ್ ಬಿಟ್ಟಾರಪಾ?"

ನಾನು ನಕ್ಕೆ. ಅವನು ನಗಲಿಲ್ಲ. ವೈನಿಯೂ ನಗಲಿಲ್ಲ. ಫೋನು ಬಂದಾಗ ಅವರು ಕುಣಿಯಿಂದ ಅರ್ಧ ಮೇಲೆದ್ದು, ಹತ್ತು ಸೀರೆಗೆ ಎಷ್ಟು ನೂಲು ಬೇಕೆಂದು ಬೆರಳು ಎಣಿಸಿದ್ದರಂತೆ. ಅದನ್ನು ಅಣ್ಣನೇ ಹೇಳಿದ. ಎಲ್ಲರನ್ನೂ ಅಣಕಿಸಿದ್ದೇನೆ, ಬೈಸಿಕೊಂಡಿದ್ದೇನೆ, ಒಮ್ಮೆ ಕಂಡಕ್ಟರನ ಕೈಯಲ್ಲಿ ಪೆಟ್ಟೂ ತಿಂದಿದ್ದೇನೆ. ವೈನಿ ಬೆರಳು ಎಣಿಸಿದ್ದು ನೋಯಿಸಿದಷ್ಟು ಅದ್ಯಾವುದೂ ನೋಯಿಸಿರಲಿಲ್ಲ. ಮರುದಿನ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಮಣ್ಣು ಬಂದು ಬಿತ್ತು.

ಅದೇ ವಾರ ಸೈಟಿಗೆ ಮೂರನೆಯ ಪತ್ರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಪುಣೆಯಿಂದ ಸುಮಿತ್ರಾಬಾಯಿ ಎಂಬವರು ಬರೆದದ್ದು. 'ನಾನು ಹುನಗುಂದದ ಮನಿಮಗಳು. ಲಗ್ನ ಆದಾಗಿಂದ ಇಳಕಲ್ಲ ಸೀರಿನ ಉಟಗೋತ ಬಂದೀನಿ. ನಿಮ್ಮ ಒಂದು ಸೀರಿಗೂ ಸೆರಗಿನ ಕೊಂಡಿ ಇಲ್ಲ. ಕೊಂಡಿ ಇಲ್ಲದ್ದಕ್ಕ ಇಳಕಲ್ಲ ಅಂತ ಹೆಸರಿಟ್ಟು ಮಾರಬ್ಯಾಡ್ರಿ. ದೂರ ಇದ್ದವರಿಗೆ ತಿಳಿಯೂದಿಲ್ಲ ಅಂತ ತಿಳೀಬ್ಯಾಡ್ರಿ.'

ರಫೀಕ ಓದಿ, ಗೀಟು ಅಳಿಸಿದ ತನ್ನ ಮೌಸನ್ನು ಮೆಲ್ಲಗೆ ಆಚೆ ಸರಿಸಿದ. "ಲೇ, ಖೋಟಾ ಮಾಲು ಅಂದಾರಲೇ ನಮ್ಮನ್ನ."

ಪತ್ರವನ್ನು ಬಚ್ಚಿಡಬಹುದಾಗಿತ್ತು. ಸೇಠನ ಫೋನಿನ ಮೊದಲಾಗಿದ್ದರೆ ಬಚ್ಚಿಡುತ್ತಿದ್ದೆ. ಅವತ್ತು ಮನೆಗೆ ಹೋಗಿ, ಯಾರ ದನಿಯನ್ನೂ ತೆಗೆಯದೆ, "ವೈನಿ, ಸೈಬರ್‌ಗಿ ಬರ್ರಿ, ಒಂದು ತಪ್ಪಾಗೇತಿ," ಅಂದೆ. ಆಗ ತಿಳಿಯಿತು, ನಾಲ್ಕು ತಿಂಗಳಲ್ಲಿ ಅವರ ಸೀರೆಗಳನ್ನು ಜಗತ್ತಿಗೆಲ್ಲ ತೋರಿಸಲು ಹೊರಟ ನಾನು ಆ ಪುಟವನ್ನು ಅವರಿಗೇ ತೋರಿಸಿರಲಿಲ್ಲ.

ವೈನಿ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತರು. ರಫೀಕ, "ಆರಾಮ ಕುಂದ್ರಿ ವೈನಿ," ಎಂದು ಫ್ಯಾನು ಅವರ ಕಡೆ ತಿರುಗಿಸಿದ. ಕೊಳಲು ನುಡಿಯಿತು, ದೀಪ ಉರಿಯಿತು, ಸ್ವಾಗತ ಓಡಿತು.

"ಇದ್ಯಾರ ಮನಿ?" ಅಂದರು.

"ನಮ್ಮದ್ರಿ."

"ಬಾದಾಮಿಗಿ ಸಾಲಿ ಟ್ರಿಪ್ಪಿಗಿ ಹೋಗಿದ್ದೆ. ಗವಿಯೊಳಗ ಮಗ್ಗ ನೋಡಿದ ನೆನಪಿಲ್ಲ."

ಆಮೇಲೆ ಸೀರೆಯ ಚಿತ್ರಕ್ಕೆ ಬಂದರು. ತೆರೆಗೆ ಬೆರಳು ಮುಟ್ಟಿಸಿ, ಒಡಲಿನಿಂದ ಸೆರಗಿನ ಕಡೆ ಎಳೆದುಕೊಂಡು ಹೋದರು. ಕೊಂಡಿ ಇರಬೇಕಾದ ಜಾಗದಲ್ಲಿ ಬೆರಳು ನಿಂತಿತು. ಹಿಂದೆ ಬಂತು, ಮತ್ತೆ ಹೋಯಿತು.

"ಇದು ನಂದಲ್ಲ," ಅಂದರು. "ನಿಮ್ಮಣ್ಣ ಬೂದಿ ಹಚಗೊಂಡು ಕುಂತು ಕೂಡಿಸಿದ್ದು, ನೀನ ಎಳಿ ಹಿಡದದ್ದು. ಎಲ್ಲಿ ಹೋತೋ?"

ರಫೀಕ ಕಿಟಕಿಯಾಚೆ ನೋಡತೊಡಗಿದ. ಅಳಿಸಿದ್ದನ್ನು ನಾನು ಹೇಳಿದೆ. ವೈನಿ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಪುಟದ ಕೆಳಗಿನ ನೀಲಿ ಅಕ್ಷರ ತೋರಿಸಿ ಕೇಳಿದರು, "ಇದೇನು, ಇದಕ್ಕ ಗೀಟು ಎಳದೀರಲ್ಲ?"

"ಅದು ಲಿಂಕ್ ಅಂತ್ರಿ. ಒತ್ತಿದ್ರ ಈ ಪುಟಕ್ಕ ಇನ್ನೊಂದು ಪುಟ ಕೂಡ್ತೈತಿ. ಕನ್ನಡದಾಗ..." ಎಂದು ಶುರುಮಾಡಿ ನಿಲ್ಲಿಸಿದೆ.

"ಕನ್ನಡದಾಗ?"

"ಕೊಂಡಿ ಅಂತಾರ್ರಿ."

ವೈನಿ ನನ್ನ ಕಡೆ ತಿರುಗಿದರು. "ಅಂದ್ರ ನಿಮ್ಮ ಕಂಪ್ಯೂಟರಿಗೂ ಕೊಂಡಿ ಬೇಕು. ಅದನ್ನ ಕಾಣೂ ಹಂಗ ನೀಲಿ ಬಣ್ಣ ಹಚ್ಚಿ ಇಟಗೊಂಡೀರಿ. ನಂದಷ್ಟ ಯಾಕ ಅಳಿಸಿದ್ರಿ?"

 ವೈನಿಯೇ ಕುರ್ಚಿ ಮುಂದೆ ಎಳೆದುಕೊಂಡರು. "ಎಲ್ಲಾ ತಗದು ಒಗಿ. ನಾ ಹೇಳತೇನಿ, ನೀ ಬರಿ. ನಿನ್ನ ಶಬ್ದ ಒಂದೂ ಹಾಕಬ್ಯಾಡ. ಮಂದಿ ಮಾತು ಇದ್ದದ್ದು ಇದ್ದಂಗ ಆಡತಿ ಅಲ್ಲ, ಆ ವಿದ್ಯಾ ಇವತ್ತು ಖರ್ಚು ಮಾಡು."

ಮೊದಲು ಕೊಳಲನ್ನು ಕಿತ್ತೆವು. ದೀಪ ಆರಿಸಿದೆವು. ಬಾದಾಮಿಯನ್ನು ಬಾದಾಮಿಗೆ ಕಳಿಸಿದೆವು. ಹೊಸ ರೀಲು ಹಾಕಿ ಫೋಟೋ ತೆಗೆದೆವು. ಎಲ್ಲಕ್ಕಿಂತ ಮೇಲೆ ಕೊಂಡಿಯದೇ ಚಿತ್ರ, ಒಂದೊಂದು ಕುಣಿಕೆಯೂ ಕಾಣುವಷ್ಟು ದೊಡ್ಡದು. ಅದರ ಕೆಳಗೆ ಕುಣಿಯಲ್ಲಿ ಕೂತ ವೈನಿ, ಕಾಲಿಗೆ ಸುತ್ತಿದ ಶಾಲಿನ ಸಮೇತ. ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಇರುವೆ ಸಾಲಾಗಿ ಕಾಣುತ್ತಿದ್ದ ಕಾಲ ಅದು. ಅದಕ್ಕೆ ಅವರ ಮಾತನ್ನು ಬರೆದು, ಅದನ್ನೇ ಚಿತ್ರ ಮಾಡಿ ಹಾಕಿದೆವು. 'ಈ ಗೀಟು ಹರದದ್ದಲ್ಲ, ಹೊಲದದ್ದಲ್ಲ, ಕೂಡಿಸಿದ್ದು. ಬಣ್ಣ ಆರಸಾಕಿ ನಾನು. ಸೆರಗು ಕೂಡಿಸಾವರು ನಮ್ಮ ಯಜಮಾನರು. ಮಳಿಗಾಲದಾಗ ನೂಲು ಮೆತ್ತಗಾಗತೈತಿ, ಸೀರಿಗಿ ಹೆಚ್ಚು ದಿನಾ ಹಿಡೀತಾವು. ಅವಸರ ಇದ್ದವರು ಪೇಟ್ಯಾಗ ತಗೋರಿ, ಅಲ್ಲಿನೂ ಛಲೋ ಸೀರಿ ಸಿಗತಾವು.'

ಕೊನೆಯ ಮಾತಿಗೆ ರಫೀಕ ತಲೆಗೆ ಕೈ ಹಚ್ಚಿದ. "ವೈನಿ, ಗಿರಾಕಿನ್ನ ನೀವ ಕೈ ಹಿಡದು ಮತ್ತೊಬ್ಬರ ಅಂಗಡಿಗಿ ಕಳಿಸಿದಂಗ ಆತಲ್ರಿ."

"ಹೋಗಾವ್ರು ಹೋಗ್ಲಿ. ಇರಾವ್ರು ತಿಳದು ಇರ್ತಾರ."

ಪುಟದ ಕೆಳಗೆ ನಮ್ಮ ಫೋನ್ ನಂಬರು, ಹೆಸರುಗಳನ್ನು ಹಾಕಿದೆ. ನೇಯುವವರು ಗೌರವ್ವ ಎಂದು ದೊಡ್ಡದಾಗಿ, ಅದರ ಕೆಳಗೆ ಅಣ್ಣನದು. ಸುಮಿತ್ರಾಬಾಯಿಗೂ ವೈನಿಯ ಮಾತಿನಲ್ಲೇ ಉತ್ತರ ಹೋಯಿತು. 'ಕೊಂಡಿ ಅಳಿಸಿದ್ದು ನಮ್ಮ ಮೈದುನನ ತಪ್ಪು, ಸೀರಿದಲ್ಲ. ಮತ್ತೊಮ್ಮೆ ನೋಡ್ರಿ.' ಆಗ ಮಾರ್ನಮಿಗೆ ಹನ್ನೆರಡು ದಿನ ಇತ್ತು. ಚಿತ್ರಗಳನ್ನು ಏರಿಸುವುದರಲ್ಲಿ ಐದು ದಿನ ಹೋದವು. ಮುಕ್ಕಾಲು ಏರಿದ ಮೇಲೆ ಕರೆಂಟು ಹೋದರೆ ಮೊದಲಿನಿಂದ. ಒಂಬತ್ತು ಸಲ ಮೊದಲಿನಿಂದ ಶುರುಮಾಡಿದೆವು. ರಫೀಕ ಬೇಸತ್ತು ಬಿಡು ಅನ್ನುತ್ತಾನೆಂದು ಕಾದೆ, ಅವನು ಅನ್ನಲಿಲ್ಲ. ಗೀಟು ಅಳಿಸಿದ ಕೈ ಅವನದೇ ಆಗಿತ್ತಲ್ಲ.

ಮಾರ್ನಮಿಗೆ ಎರಡು ದಿನ ಇದ್ದಾಗ, ಮಧ್ಯಾಹ್ನ, ನಾನು ಹಿತ್ತಲಲ್ಲಿ ಬಣ್ಣದ ನೂಲು ಹಿಂಡುತ್ತಿದ್ದೆ. ಒಳಗೆ ಫೋನು ಬಡಿದುಕೊಂಡಿತು. ಅಣ್ಣನ ದನಿ ಕೇಳಿಸಿತು. "ಲೇ ಟೇಪ್, ಈ ಸಲ ಪುಣೆಕ್ಕ ಹೋಗೀಯೇನು? ಮುದುಕಿ ದನಿ ಛಲೋ ತಗದೀ ಬಿಡು. ಸಾಕು, ಮನಿಗಿ ಬಂದು ಮಣ್ಣು ಹೊರು." ಫೋನು ಕುಕ್ಕಿದ ಸದ್ದಾಯಿತು.

ನಾನು ನೀಲಿ ಕೈಗಳನ್ನು ಒರೆಸಿಕೊಳ್ಳುತ್ತ ಒಳಗೆ ಬಂದು, "ಯಾರದಣ್ಣಾ ಫೋನು?" ಅಂದೆ.

ಅಣ್ಣ ನನ್ನನ್ನು ನೋಡಿದ. ಫೋನನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಅವನ ಮುಖ ಬಣ್ಣ ಹಾಕದ ನೂಲಿನ ಹಾಗಾಯಿತು. ಮಗ್ಗದ ಸದ್ದು ನಿಂತಿತು.  ಫೋನು ಸುಮ್ಮನಿತ್ತು. ಹೊರಗೆ ಮಳೆ ಶುರುವಾಗಿ, ಮನೆ ಮುಂದಿನ ಮಣ್ಣು ಕರಗಿ ಗಟಾರಕ್ಕೆ ಹರಿಯತೊಡಗಿತು, ಯಾರೂ ಎದ್ದು ನೋಡಲಿಲ್ಲ. ಲೈನು ಹೋಗಿಬಿಟ್ಟಿದೆಯೋ ಏನೋ ಎಂದು ಎತ್ತಿ ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಎತ್ತಿ ಹಿಡಿದ ಹೊತ್ತಿಗೇ ಪುಣೆಯ ಆಕೆ ಮತ್ತೆ ಮಾಡಿದರೆ?

ಮತ್ತೆ ರಿಂಗಾಯಿತು. ಅಣ್ಣ ಎತ್ತಲಿಲ್ಲ. ವೈನಿ ಕುಣಿಯಿಂದ ಮೇಲೆ ಬಂದು ಎತ್ತಿದರು. ಸುಮಿತ್ರಾಬಾಯಿಯ ದನಿ ಪಡಸಾಲೆಗೆಲ್ಲ ಕೇಳುವಷ್ಟು ಖಡಕ್ಕಾಗಿತ್ತು.

"ಗೌರವ್ವನ ಏನವಾ? ಈಗ ನನ್ನ ಮುದುಕಿ ಅಂದವರು ಯಾರು?"

"ನಮ್ಮ ಯಜಮಾನ್ರು ರೀ ಬಾಯಾರ. ತಿಳೀದ ಅಂದಾರ್ರಿ."

"ಸೆರಗು ಕೂಡಸ್ತಾರಂತ ಬರದೀಯಲ್ಲ, ಅವರ ಏನು?"

"ಅವರ ರೀ."

"ಫೋನ್ ಅವರಿಗೆ ಕೊಡು."

ಅಣ್ಣ ಅದನ್ನು ಒಲೆಯ ಮೇಲಿನ ಪಾತ್ರೆ ಹಿಡಿದ ಹಾಗೆ ಹಿಡಿದ. ಮೊದಲು ಬರೀ ಹೂಂ ರಿ, ತಪ್ಪಾತ್ರಿ. ಆಮೇಲೆ, "ಇಲ್ರಿ, ಎಡಗೈ ಹೆಬ್ಬಟ್ಟಿಲೆ ಒತ್ತಿ ಹಿಡೀಬೇಕ್ರಿ." ಆಮೇಲೆ, "ಎಣ್ಣಿ ನಡಿಯಾಂಗಿಲ್ರಿ, ಬೂದಿನ ಆಗಬೇಕು." ನೋಡನೋಡುತ್ತ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಗಾಳಿಯಲ್ಲಿ ಕುಣಿಕೆ ಹಾಕಿ ತೋರಿಸಹತ್ತಿದ, ಆಕೆ ಎದುರಿಗೆ ಕೂತವರ ಹಾಗೆ. ನನ್ನ ಅಣ್ಣ ಅಷ್ಟೊಂದು ಮಾತಾಡಬಲ್ಲ ಎಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಕೊಂಡಿಯ ಬಗ್ಗೆ ಅವನನ್ನು ಯಾರೂ ಕೇಳಿರಲೇ ಇಲ್ಲ.

ಆಕೆಗೆ ಬೇಕಾದದ್ದು ಕಾಗೆಬಣ್ಣದ ಒಡಲು, ದಾಳಿಂಬೆ ಸೆರಗು. ಅವಸರವಿಲ್ಲ ಅಂದರಂತೆ. ಮಳೆಗಾಲದಲ್ಲಿ ತಡವಾಗುತ್ತದೆ ಎಂದು ಮೊದಲೇ ಬರೆದುಕೊಂಡ ಅಂಗಡಿಯನ್ನು ಇದೇ ಮೊದಲು ಕಂಡೆ, ಅದಕ್ಕೇ ಫೋನು ಮಾಡಿದೆ ಅಂದರಂತೆ.

ಅಣ್ಣ ಫೋನಿಟ್ಟು ಹೊಸ್ತಿಲಿಗೆ ಹೋಗಿ ಕರಗುತ್ತಿದ್ದ ಮಣ್ಣು ನೋಡಿ ಬಂದ. ಆಮೇಲೆ, "ಆ ಮಿಷನ್ನಿನವರಿಗೆ ಬ್ಯಾಡ ಅಂತ ಹೇಳಿ ಬಾ," ಅಂದ.

"ನನ್ನ ದನಿಯಾಗ ಹೇಳಲೋ, ನಿನ್ನ ದನಿಯಾಗೋ?" ಅಂದೆ. ಚಪ್ಪಲಿ ಬಂತು. ತಪ್ಪಿಸಿಕೊಂಡೆ.

ಆಯುಧಪೂಜೆಯ ದಿನ ಮಗ್ಗಕ್ಕೆ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದ ಮೇಲೆ ಅಣ್ಣ ತಾಟು ಕೆಳಗಿಡಲಿಲ್ಲ. "ನಡಿ," ಅಂದ. ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಹೋದೆ. ಎಂದೂ ಕಾಲಿಡದ ಸೈಬರ್‌ನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದ.

ರಫೀಕ ದಡಬಡಿಸಿ ಎದ್ದ. "ಬರ್ರಿ ಅಣ್ಣಾರ. ಪೂಜಿ ಮಾಡ್ರಿ, ನೀರಷ್ಟು ಚಿಮುಕಸಬ್ಯಾಡ್ರಿ."

ಅಣ್ಣ ಮಾನಿಟರಿನ ಮೇಲೆ ಒಂದು ಹೂ ಇಟ್ಟ. ಮೌಸಿಗೆ ಕುಂಕುಮ ಹಚ್ಚಿದ. ಕೆಲಸ ಮಾಡದ ಕಂಪ್ಯೂಟರಿಗೂ ಹಚ್ಚಿದ. "ಎಲ್ಲೈತಿ, ತಗಿ," ಅಂದ. ಪುಟ ಮೇಲಿನಿಂದ ಇಷ್ಟಿಷ್ಟೇ ಇಳಿಯತೊಡಗಿತು. ಮೊದಲು ಬೊಕ್ಕತಲೆ, ಆಮೇಲೆ ಕೊಂಡಿ, ಆಮೇಲೆ ವೈನಿ, ಆಮೇಲೆ ಮಾತು, ಕಟ್ಟಕಡೆಗೆ ಹೆಸರು. ಅಣ್ಣ ಕಣ್ಣು ಕಿರಿದು ಮಾಡಿ, ಮೂಗು ತೆರೆಗೆ ತಾಗುವಷ್ಟು ಬಗ್ಗಿದ.

"ನಂದು ಇಷ್ಟು ಸಣ್ಣ ಅಕ್ಷರದಾಗ ಯಾಕ ಬರದಿ?"

"ಮ್ಯಾಲೆ ಹಾಕಲೇನಣ್ಣಾ, ವೈನಿ ಹೆಸರಿಗಿಂತ ಮ್ಯಾಲೆ?"

"ಮ್ಯಾಲೆ ಬ್ಯಾಡ. ನೇಯಾಕಿ ಆಕಿ, ಆಕಿನ ಮ್ಯಾಲಿರಲಿ." ರಫೀಕನ ಕಡೆ ತಿರುಗಿ ಹೇಳಿದ, "ತುಸು ದಪ್ಪರ ಮಾಡು. ಪುಣೆದಾಗ ವಯಸ್ಸಾದವರು ಓದತಾರ. ಅವರಿಗಿ ಕಾಣಬೇಕಲ್ಲಪಾ."